ಮ್ಯೂಟ್ ಗುಂಡಿ

ಆ ಕುರ್ಚಿ ಬೇಡ ಅಕ್ಕಾ, ಈ ಕಡೆ ಬನ್ನಿ. ಅಲ್ಲಿ ಕೂತರೆ ಕಿಟಕಿ ನಿಮ್ಮ ಹಿಂದೆ ಬರುತ್ತೆ, ಮುಖ ಕಪ್ಪಗೆ ಕಾಣುತ್ತೆ. ಇಲ್ಲಿ... ಹಾಂ, ಇಲ್ಲಿ, ಬೆಳಕಿಗೆ ಮುಖ ಮಾಡಿ. ಈಗ ಸರಿ. ಈ ರೂಮಿಗೆ ಬಂದೋರನ್ನೆಲ್ಲ ನಾನು ಹೀಗೇ ಕೂರಿಸೋದು, ಬೇಕಾದರೆ ಯಾರನ್ನಾದರೂ ಕೇಳಿ. ಹದಿನೆಂಟು ವರ್ಷದಿಂದ... ಸರಿ, ಹದಿನೆಂಟು ಅಲ್ಲ. ಈಚೆಗೆ. ಈಚೆಗೆ ಹೀಗೆ ಕೂರಿಸ್ತೀನಿ.

ಫೋನಾ? ಎಷ್ಟು ಸಲ ಮಾಡಿದಿರಿ? ಒಂಬತ್ತು ಸಲ... ಸೈಲೆಂಟಲ್ಲಿ ಇಟ್ಟಿದ್ದೆ ಅಕ್ಕಾ. ಮೀಟಿಂಗ್ ರೂಮಿನ ಮೈಕು, ಸ್ಪೀಕರು ನೋಡ್ಕೊಳ್ಳೋನ ಫೋನೇ ಬಡ್ಕೊಂಡರೆ ಹೇಗೆ? ಆಫೀಸಿಗೆಲ್ಲ ನಾನು ಮೈಕಪ್ಪ. ಮೈಕಪ್ಪನ ಫೋನು ಸದ್ದು ಮಾಡಬಾರದು. ... ಇವತ್ತು ಮೀಟಿಂಗ್ ಇಲ್ಲ, ನಿಜ. ಇಲ್ಲದಿದ್ದರೂ ಶಿಸ್ತು ಶಿಸ್ತೇ.

ಆ ಮಂಡಿ ನೋವಲ್ಲಿ ನಿಮ್ಮನ್ನ ಮೂರು ಮಹಡಿ ಹತ್ತಿಸಿಬಿಟ್ಟೆ. ಸ್ಟೋರ್ಸ್ ಬಿಟ್ಟು ಮೇಲೆ ಬರೋರೇ ಅಲ್ಲ ನೀವು. ಈ ವರದಿ ಬರೆಯೋ ಕೆಲಸನ ದೊಡ್ಡ ಸಾಹೇಬರು ನಿಮಗೇ ಯಾಕೆ ಗಂಟು ಹಾಕಿದ್ರು? ... ನಿನ್ನೆ ಮೀಟಿಂಗಲ್ಲಿ ಇಲ್ಲದೇ ಇದ್ದೋರು ಬೇಕಿತ್ತು ಅಂತಾ? ಅದೂ ಸರೀನೇ. ಇದ್ದೋರೆಲ್ಲ ಇನ್ನೂ ನನ್ನ ಮೇಲೆ ಕೆಂಡ ಕಾರ್ತಿದಾರೆ. ಒಂದು ಪುಟ ಸಾಕಂತಾ? ಒಂದು ಪುಟದಲ್ಲಿ ಇದು ಹಿಡಿಯಲ್ಲ ಅಕ್ಕಾ, ದೊಡ್ಡ ಕಥೆ. ಮೊದಲಿಂದ ಹೇಳಬೇಕು.

ಏನು? ಬೆನ್ನಾ? ಬೆನ್ನು ಈಗ ಪರವಾಗಿಲ್ಲ ಅಕ್ಕಾ, ನೀವಾದರೂ ವಿಚಾರಿಸ್ಕೊಂಡ್ರಲ್ಲ. ಬೆಳಗ್ಗೆ ಏಳೋವಾಗ ಸ್ವಲ್ಪ ಹಿಡ್ಕೊಳುತ್ತೆ. ಬಿಸಿನೀರು ಹುಯ್ಕೊಂಡರೆ ಸಡಿಲ ಆಗುತ್ತೆ... ಯಾಕೆ ಹಾಗೆ ನೋಡ್ತೀರಿ? ... ಓ. ಪೆನ್ನು. ಪೆನ್ನು ಕೇಳಿದಿರಾ. ತಗೊಳ್ಳಿ, ಇದು ಬರೆಯುತ್ತೆ.

ಬರ್ಕೊಳ್ಳಿ. ಈ ರೂಮಲ್ಲಿ ಏಳು ರಿಮೋಟು ಇದ್ದವು. ಆಂಪ್ಲಿಫಯರಿಗೆ ಒಂದು, ಮೈಕಿನ ಮಿಕ್ಸರಿಗೆ ಒಂದು, ಟಿವಿಗೆ, ಪ್ರೊಜೆಕ್ಟರಿಗೆ, ಮೇಲಿಂದ ಇಳಿಯೋ ಪರದೆಗೆ, ಏಸಿಗೆ, ಆ ಕಿಟಕಿ ಪಟ್ಟಿಗಳಿಗೆ ಒಂದು. ಎಲ್ಲಕ್ಕೂ ಟೇಪು ಅಂಟಿಸಿ ಹೆಸರು ಬರೆದಿದ್ದೆ. ಆದರೂ ಸಾಹೇಬರ ಕೈಗೆ ಬೇಕಾದ್ದು ಸಿಗ್ತಿರಲಿಲ್ಲ. ಒಂದಿನ ದನಿ ಏರಿಸೋಕೆ ಹೋಗಿ ಪರದೆ ಇಳಿಸಿದ್ರು. ಅದು ಬಂದ ಅತಿಥಿಯ ತಲೆ ಮೇಲೆ ಕೂತಿತು. ಪಾಪ, ಆ ಮನುಷ್ಯ ಪರದೆ ಒಳಗಿಂದಲೇ ಭಾಷಣ ಮುಗಿಸಿದ. ಅವತ್ತು ಸಾಹೇಬರು ನನ್ನ ಕರೆದು, ಮೈಕಪ್ಪಾ, ನನಗೆ ಹೆಂಡತಿ ಒಬ್ಬಳೇ, ಕುರ್ಚಿ ಒಂದೇ, ಈ ರಿಮೋಟ್ ಮಾತ್ರ ಯಾಕಯ್ಯಾ ಏಳು, ಅಂದ್ರು. ಒಂದೇ ಒಂದು ರಿಮೋಟ್ ಬೇಕು ಅಂದ್ರು.

ಆಗ ನಿಮ್ಮ ಸ್ಟೋರ್ಸಿಗೆ ಚೀಟಿ ಕಳಿಸಿದ್ದು ನಾನು. ನೀವೇ ಸಹಿ ಹಾಕಿಸ್ಕೊಂಡು ಕೊಟ್ಟಿರಿ, ಕಪ್ಪುದು, ನಲವತ್ತೆರಡು ಗುಂಡಿದು. ಅದು ಕಲಿಯೋ ರಿಮೋಟು ಅಕ್ಕಾ. ಬರೋವಾಗ ತಲೆ ಪೂರ್ತಿ ಖಾಲಿ. ಹಳೇ ರಿಮೋಟನ್ನ ಅದರ ಎದುರಿಗೆ ಮೂತಿಗೆ ಮೂತಿ ಇಡಬೇಕು, ಮಧ್ಯೆ ಒಂದು ಬೆರಳು ಜಾಗ. ಹೊಸದರಲ್ಲಿ ಒಂದು ಗುಂಡಿ ಒತ್ತಿ, ಹಳೇದರಲ್ಲಿ ಬೇಕಾದ ಗುಂಡಿ ಒತ್ತಿ ಹಿಡ್ಕೊಂಡರೆ ಇದು ಹೇಳಿಕೊಡುತ್ತೆ, ಅದು ಕಲಿಯುತ್ತೆ. ಎಲ್ಲ ಕಣ್ಣಿಗೆ ಕಾಣದ ಬೆಳಕಲ್ಲಿ. ಬೆಳಕು ಬರ್ತಿದೆಯೋ ಇಲ್ಲವೋ ಅಂತ ತಿಳಿಯೋಕೆ ಫೋನಿನ ಕ್ಯಾಮೆರಾ ಹಿಡಿದು ನೋಡಬೇಕು. ಆಗ ರಿಮೋಟಿನ ಮೂತೀಲಿ ಒಂದು ನೇರಳೆ ಚುಕ್ಕಿ ಮಿಣಮಿಣ ಅನ್ನುತ್ತೆ. ಎಷ್ಟು ಚೆಂದ ಗೊತ್ತಾ.

ಮೂರು ದಿನ ಹಿಡಿಯಿತು. ಬಾಗಿಲು ಹಾಕ್ಕೊಂಡು ಕೂತು, ಒಂದೊಂದೇ ಗುಂಡಿಗೆ ಅಕ್ಷರಾಭ್ಯಾಸ ಮಾಡಿಸಿದೆ. ಪುಸ್ತಕದಲ್ಲಿ ಬರೆದಿದೆ, ಸರಿಯಾಗಿ ಕಲಿತರೆ ಕುಂಯ್ ಅಂತ ಒಂದು ಸಲ ಅನ್ನುತ್ತೆ, ಕಲೀಲಿಲ್ಲ ಅಂದ್ರೆ ಎರಡು ಸಲ... ಹೂಂ, ಅಂತು. ಅಂದೇ ಅಂತು. ಅನ್ನದೇ ಎಲ್ಲಿಗೆ ಹೋಗುತ್ತೆ? ಪುಸ್ತಕದಲ್ಲೇ ಬರೆದಿದೆಯಲ್ಲ. ... ಎಷ್ಟು ಸಲ ಅಂತು ಅಂದ್ರೆ, ಒಂದು ಸಲ. ಕೆಲವು ಸಲ ಒಂದು ಸಲ. ಅದನ್ನೆಲ್ಲ ವರದೀಲಿ ಯಾಕೆ ಬರೀತೀರಿ ಬಿಡಿ.

ಮ್ಯೂಟ್ ಗುಂಡಿ ವಿಷಯಕ್ಕೆ ಬರ್ತೀನಿ. ಅಲ್ಲಿ ನನ್ನಿಂದ ಒಂದು ಸಣ್ಣ ತಪ್ಪಾಗಿತ್ತು, ನಿಮ್ಮ ಹತ್ರ ಮುಚ್ಚಿಡಲ್ಲ. ಮೊದಲ ದಿನ ಆ ಗುಂಡಿಗೆ ಕೈತಪ್ಪಿ ದನಿ ಏರಿಸೋದನ್ನ ಕಲಿಸಿಬಿಟ್ಟಿದ್ದೆ. ಮಾರನೇ ದಿನ ಗೊತ್ತಾಯ್ತು, ಅದರ ಮೇಲೇ ದನಿ ಬಂದ್ ಮಾಡೋ ಮ್ಯೂಟನ್ನ ಕಲಿಸಿದೆ. ಅದು ಕಲಿತಿರಲಿಲ್ಲ. ಹಳೇ ಪಾಠನೇ ಹಿಡ್ಕೊಂಡು ಕೂತಿತ್ತು, ಮೊಂಡು.

ಪರೀಕ್ಷೆ ಮಾಡದೇ ಬಿಡ್ತೀನಾ ಅಕ್ಕಾ? ಮಾಡಿದೆ. ಟಿವಿಯಲ್ಲಿ ಒಂದು ಹಾಡು ಹಾಕಿ, ರಿಮೋಟು ಹಿಡಿದು ಮ್ಯೂಟ್ ಒತ್ತಿದೆ. ನಿಶ್ಶಬ್ದ. ಪೂರ್ತಿ ನಿಶ್ಶಬ್ದ. ನಲವತ್ತೆರಡು ಗುಂಡೀಲಿ ಇದರಷ್ಟು ಚೆನ್ನಾಗಿ ಕೆಲಸ ಮಾಡಿದ್ದು ಇನ್ನೊಂದಿಲ್ಲ. ಅದೇ ಹೊತ್ತಿಗೆ ಪಕ್ಕದ ಅಕೌಂಟ್ಸಿನೋರು ಮೂರು ಜನ ಬಾಗಿಲು ತೆಗೆದು ನನಗೆ ಜೋರಾಗಿ ಕೈ ಬೀಸಿದ್ರು. ನಾನೂ ಬೀಸಿದೆ. ಇಷ್ಟು ವರ್ಷದಲ್ಲಿ ಅವರು ಬಂದು ನನ್ನ ಕೆಲಸ ಮೆಚ್ಚಿದ್ದು ಅದೇ ಮೊದಲು.

ಕೈ ತೆಗೀರಿ ಅಕ್ಕಾ. ಬಾಯಿಗೆ ಅಡ್ಡ ಇಟ್ಟಿದೀರಲ್ಲ, ಆ ಕೈ. ನಗೋದಾದ್ರೆ ನಗಿ, ಬಾಯಿ ಮುಚ್ಕೋಬೇಡಿ. ಬಾಯಿ ಮುಚ್ಕೊಂಡು ಮಾತಾಡೋರನ್ನ ಕಂಡರೆ ನನಗೆ ಆಗಲ್ಲ. ... ಹಾಗಾದರೆ ನಿನ್ನೆ ಯಾಕೆ ಕೈ ಕೊಡ್ತು ಅಂತ ತಾನೆ ಕೇಳ್ತಿರೋದು? ಹೇಳ್ತೀನಿ. ಬೋಳು ತಲೆ. ಬರ್ಕೊಳ್ಳಿ, ಬೋ-ಳು ತ-ಲೆ. ಅಕೌಂಟ್ಸ್ ಅಧಿಕಾರಿದು.

ನಗ್ತೀರಲ್ಲ. ನಗೋ ವಿಷಯ ಅಲ್ಲ ಇದು, ವಿಜ್ಞಾನ. ಈ ಬೆಳಕು ಗೋಡೆಗೆ ಬಡಿದು ವಾಪಸ್ ಬರುತ್ತೆ, ಗಾಜಿಗೆ ಬಡಿದು ಬರುತ್ತೆ. ಆ ಮನುಷ್ಯನ ತಲೆ ನೋಡಿದೀರಾ? ಟ್ಯೂಬ್‌ಲೈಟ್ ಎರಡೂ ಕಾಣುತ್ತೆ ಅದರಲ್ಲಿ. ಅವರು ನಿಂತಿದ್ದು ಸಾಹೇಬರಿಗೂ ಆಂಪ್ಲಿಫಯರಿನ ಕಣ್ಣಿಗೂ ನಟ್ಟನಡುವೆ. ಸಾಹೇಬರು ರಿಮೋಟನ್ನ ಪಿಸ್ತೂಲು ಹಿಡಿದ ಹಾಗೆ ಹಿಡೀತಾರೆ, ಎದುರಿಗಿದ್ದೋರು ತಲೆ ತಗ್ಗಿಸ್ತಾರೆ. ಅವರು ತಗ್ಗಿಸಿದಾಗ ನೆತ್ತಿ ಸರಿಯಾಗಿ ಕನ್ನಡಿ ಥರ ಬರುತ್ತೆ. ಮ್ಯೂಟ್ ಅಂತ ಹೊರಟಿದ್ದು ಅಲ್ಲಿಗೆ ಬಡಿದು ಬೇರೆ ಏನೋ ಆಗಿ ಹೋಗಿ ಮುಟ್ಟಿದೆ.

ಬರೀತಿಲ್ಲ ನೀವು... ಸರಿ. ತಲೆ ಬೇಡ. ಉಪಕರಣದ ಗ್ರಹಿಕೆ ದೋಷ ಅಂತ ಬರೀರಿ. ಗಂಭೀರವಾಗಿ ಕಾಣುತ್ತೆ.

ನಿನ್ನೆದು ನಡೆದ ಹಾಗೇ ಹೇಳ್ತೀನಿ. ಹೆಡ್ ಆಫೀಸಿಂದ ಹನ್ನೊಂದು ಜನ ಬಂದಿದ್ರು. ನಮ್ಮ ಹಿಂದಿನ ದೊಡ್ಡ ಸಾಹೇಬರು ಹೋದ ತಿಂಗಳು ತೀರ್ಕೊಂಡ್ರಲ್ಲ, ಮೊದಲು ಅವರಿಗೆ ಶ್ರದ್ಧಾಂಜಲಿ, ಆಮೇಲೆ ಮಿಕ್ಕ ವಿಷಯ. ಅವರ ಹೆಂಡತೀನೂ ಕರೆಸಿ ಮುಂದಿನ ಸಾಲಲ್ಲಿ ಕೂರಿಸಿದ್ರು. ನಮ್ಮ ಸಾಹೇಬರಿಗೆ ಹೊಸ ರಿಮೋಟಿನ ಹುಮ್ಮಸ್ಸು. ಎರಡು ನಿಮಿಷ ಮೌನ ಆಚರಿಸುವಾಗ ಸ್ಪೀಕರಿನ ಸಣ್ಣ ಗುಂಗೂ ಇರಬಾರದು, ನಾನೇ ಕೈಯಾರೆ ಮ್ಯೂಟ್ ಒತ್ತುತೀನಿ, ಎರಡು ನಿಮಿಷನೂ ಒತ್ತಿ ಹಿಡಿದಿರ್ತೀನಿ, ಅಂದ್ರು. ಹಿಂದಿನ ದಿನ ನನ್ನ ಮುಂದೆ ಕನ್ನಡಿ ನೋಡ್ಕೊಂಡು ಅಭ್ಯಾಸ ಬೇರೆ ಮಾಡಿದ್ರು, ತಲೆ ತಗ್ಗಿಸಿ, ಕೈ ಮುಂದೆ ಚಾಚಿ.

ಎಲ್ಲ ಎದ್ದು ನಿಂತರು. ಸಾಹೇಬರು ಕೈ ಚಾಚಿ ಒತ್ತಿದ್ರು. ನಾನು ಅಲ್ಲಿ, ಆ ಬೀರು ಪಕ್ಕ ನಿಂತಿದ್ದೆ... ಹೌದು, ಮೇನ್ ಸ್ವಿಚ್ಚಿನ ಪಕ್ಕದಲ್ಲೇ. ಯಾರು ಹೇಳಿದ್ದು? ಎಲ್ಲರೂ ಹೇಳಿದ್ರಾ. ಹೌದು, ಪಕ್ಕದಲ್ಲೇ ನಿಂತಿದ್ದೆ, ಮೊಣಕೈ ತಾಗ್ತಿತ್ತು. ... ಯಾಕೆ ಆರಿಸಲಿಲ್ಲ ಅಂದ್ರೆ... ಅಕ್ಕಾ, ಮೌನಾಚರಣೆ ಅದು. ಅಲುಗಾಡಬಾರದು. ತೀರಿಕೊಂಡೋರಿಗೆ ಗೌರವ ಅಂತ ಒಂದಿದೆಯಲ್ಲ. ಎಲ್ಲ ತಲೆ ತಗ್ಗಿಸಿದ್ರು, ನಾನೂ ತಗ್ಗಿಸಿದೆ. ಆಮೇಲೆ ಎಲ್ಲ ಎರಡೂ ಕೈಯಿಂದ ಕಿವಿ ಮುಚ್ಕೊಂಡ್ರು. ಹೆಡ್ ಆಫೀಸಲ್ಲಿ ಈಗ ಹೀಗೇನೋ ಅಂತ... ಅಂದ್ರೆ, ಅವರೆಲ್ಲ ಮುಚ್ಕೊಂಡ ಮೇಲೆ ನಾನೊಬ್ಬ ಕೈ ಬಿಟ್ಕೊಂಡು ನಿಂತರೆ ಏನು ಚೆನ್ನ? ನಾನೂ ಮುಚ್ಕೊಂಡೆ. ಕೆಲವರ ಮುಖ ಕಿವುಚಿ ಹೋಗಿತ್ತು. ಒಬ್ಬರು ಕೂತೇಬಿಟ್ಟರು. ತೀರಿಕೊಂಡೋರನ್ನ ಇಷ್ಟೊಂದು ಜನ ಇಷ್ಟೊಂದು ಹಚ್ಕೊಂಡಿದ್ರಾ ಅಂದ್ಕೊಂಡೆ.

ಹೌದು ಹೌದು, ಸದ್ದಿತ್ತು. ಸದ್ದಿಗೇ ಮುಚ್ಕೊಂಡಿದ್ದು, ಗೊತ್ತು. ಈಗ ಗೊತ್ತು, ಆಗಲೂ ಗೊತ್ತಿತ್ತು. ಎರಡೂ ಇತ್ತು ಅಂತ ಹೇಳ್ತಿದೀನಿ. ಸದ್ದೂ ಇತ್ತು, ದುಃಖನೂ ಇತ್ತು. ಸಾಹೇಬರದ್ದೇ ತಪ್ಪು ಸ್ವಲ್ಪ. ಸದ್ದು ಬಂದ ಕೂಡಲೇ ಬೆರಳು ತೆಗೀಬೇಕಿತ್ತು. ಇದು ಮ್ಯೂಟ್ ಗುಂಡಿ, ಇನ್ನೂ ಗಟ್ಟಿ ಒತ್ತಿದರೆ ನಿಲ್ಲುತ್ತೆ ಅಂದ್ಕೊಂಡು ಒತ್ತಿದ್ರು. ಒತ್ತಿದಷ್ಟೂ ಏರಿತು. ಏರಿದಷ್ಟೂ ಒತ್ತಿದ್ರು. ಹೆಬ್ಬೆರಳು ಬೆಳ್ಳಗಾಗಿಹೋಗಿತ್ತು. ಎರಡು ನಿಮಿಷ ಅಂದ್ರೆ ಎರಡು ನಿಮಿಷ, ಒಂದು ಸೆಕೆಂಡ್ ಕಮ್ಮಿ ಮಾಡಲಿಲ್ಲ. ಶಿಸ್ತಿನ ಮನುಷ್ಯ.

ಏನು, ಸದ್ದು ಹೇಗಿತ್ತು ಅಂತಲಾ? ನಿಮಗೆ ಕೆಳಗೆ ಸ್ಟೋರ್ಸಿಗೂ ಕೇಳಿಸ್ತಾ? ... ಹಾಗಾದರೆ ನಿಮಗೇ ಗೊತ್ತಲ್ಲ. ನನ್ನ ಬಾಯಿಂದ ಕೇಳಬೇಕಾ. ಸರಿ, ಗುಂಯ್ ಅಂತ. ದಪ್ಪಗೆ. ಲಾರಿ ನಿಂತಲ್ಲೇ ಗುರುಗುಟ್ಟುತ್ತಲ್ಲ, ಹಾಗೆ. ... ಅಲ್ವಾ? ಸ್ವಲ್ಪ ಸಣ್ಣಗೆ ಅಂತೀರಾ? ಸಣ್ಣಗೆ, ಚೂಪಗೆ... ಸಿಳ್ಳೆ, ಹೂಂ, ಸಿಳ್ಳೆ ಥರ, ಅದನ್ನೇ ಹೇಳೋಕೆ ಹೊರಟಿದ್ದೆ. ಮೊದಲು ದಪ್ಪಗೆ ಇತ್ತು, ಆಮೇಲೆ ಸಣ್ಣಗಾಯ್ತು. ಕೆಳಗೆ ಬರೋ ಹೊತ್ತಿಗೆ ನಿಮಗೆ ಸಣ್ಣದು ಮಾತ್ರ ಬಂದಿರುತ್ತೆ. ದಪ್ಪ ಸದ್ದು ಮೆಟ್ಟಿಲು ಇಳಿಯಲ್ಲ ಅಕ್ಕಾ.

ಪೆನ್ನು ಯಾಕೆ ಕೆಳಗಿಟ್ಟಿರಿ?

ಸರಿ, ಕೈ ನೋವು ಇರಬಹುದು. ಸ್ವಲ್ಪ ಆರಾಮ ತಗೊಳ್ಳಿ. ಇನ್ನೊಂದು ವಿಷಯ ಹೇಳಬೇಕು, ವರದಿಗೆ ಅಲ್ಲ, ಸುಮ್ಮನೆ. ಆ ತೀರಿಕೊಂಡೋರ ಹೆಂಡತಿ, ಅವರೊಬ್ಬರು ಮಾತ್ರ ಕಿವಿ ಮುಚ್ಕೊಳ್ಳಲಿಲ್ಲ. ನಿಧಾನಕ್ಕೆ ಸೆರಗು ಸರಿಸಿ, ಕಿವಿಯಿಂದ ಏನೋ ತೆಗೆದು ಮೇಜಿನ ಮೇಲೆ ಇಟ್ಟರು. ಹುರುಳಿಕಾಳಿಗಿಂತ ಸ್ವಲ್ಪ ದೊಡ್ಡದು, ಚರ್ಮದ ಬಣ್ಣದ್ದು. ಇಟ್ಟು, ಕೈ ಕಟ್ಕೊಂಡು ನೆಮ್ಮದಿಯಾಗಿ ನಿಂತರು. ಇಡೀ ರೂಮಲ್ಲಿ ಎರಡು ನಿಮಿಷ ಮೌನ ಆಚರಿಸಿದ್ದು ಅವರು ಮತ್ತೆ... ಅವರೊಬ್ಬರೇ. ಮೀಟಿಂಗ್ ಮುಗಿದ ಮೇಲೆ ಮೆಟ್ಟಿಲ ಹತ್ರ ನಿಲ್ಲಿಸಿ ಕೇಳಿದೆ, ಅಮ್ಮಾ ಅದು ಎಲ್ಲಿ ಸಿಗುತ್ತೆ, ಹಾಕ್ಕೊಂಡರೆ ನೋಯುತ್ತಾ, ಹೊರಗಿನೋರಿಗೆ ಕಾಣುತ್ತಾ ಅಂತ. ನಮ್ಮ ಕಡೆಯವರೊಬ್ಬರಿಗೆ ಬೇಕಿತ್ತು, ಅದಕ್ಕೆ. ದೂರದೋರು. ನಿಮಗೆ ಗೊತ್ತಿಲ್ಲ.

ಮನೇಲಾ? ಎಲ್ಲ ಚೆನ್ನಾಗಿದಾರೆ. ನಮ್ಮವಳು ಮೊದಲು ಬಾಯಿ ಮುಚ್ತಿರಲಿಲ್ಲ, ನಿಮಗೇ ಗೊತ್ತಲ್ಲ, ನೀವಿಬ್ಬರೂ ಕೂತರೆ ನಾವೆಲ್ಲ ಎದ್ದು ಹೋಗಬೇಕಿತ್ತು. ಈಗ ಮನೆ ತುಂಬ ಶಾಂತ. ಕೆಲವು ಸಲ ಅಡುಗೆ ಮನೆಯಿಂದ ಎದುರಿಗೆ ಬಂದು ನಿಂತು, ಸೊಂಟದ ಮೇಲೆ ಕೈ ಇಟ್ಕೊಂಡು, ಕಣ್ಣು ಕೆಂಪು ಮಾಡ್ಕೊಂಡು ನೋಡ್ತಾಳೆ. ಮೂರ್ನಾಲ್ಕು ಸಲ ಕರೆದಳಂತೆ. ಸೊಕ್ಕು ಬಂದಿದೆ ನಿಮಗೆ ಅಂತಾಳೆ. ಇರಲಿ ಅಕ್ಕಾ. ಸೊಕ್ಕು ಅಂತಾನೇ ಅಂದ್ಕೊಳ್ಳಲಿ.

ಅಕ್ಕಾ, ಒಂದು ಮಾತು. ನನಗೆ ರಿಟೈರ್ ಆಗೋಕೆ ಉಳಿದಿರೋದು ಎರಡು ವರ್ಷ. ಈ ವರದಿ ಕೆಟ್ಟದಾಗಿ ಹೋದರೆ ಈ ರೂಮನ್ನ ಹೊರಗಿನೋರಿಗೆ ಕೊಟ್ಟು ನನ್ನನ್ನ ರೆಕಾರ್ಡ್ ರೂಮಿಗೆ ಹಾಕ್ತಾರಂತೆ. ರೆಕಾರ್ಡ್ ರೂಮ್ ನೋಡಿದೀರಲ್ಲ, ಕಿಟಕಿ ಇಲ್ಲ, ಒಂದೇ ಬಲ್ಬು, ಎರಡು ಬೀರುಗಳ ಸಂದಿಯಿಂದ ಜನ ಮಾತಾಡ್ತಾರೆ. ಅಲ್ಲಿ ಯಾರ ಮುಖಾನೂ ಸರಿಯಾಗಿ ಕಾಣಲ್ಲ. ನಾನು ಅಲ್ಲಿ ಒಂದು ವಾರ ಬಾಳಲ್ಲ. ಇಲ್ಲಿ ಪ್ರತಿಯೊಂದೂ ಗೊತ್ತು ನನಗೆ. ಮೈಕ್ ಹಿಡಿದೋರ ಮುಖ ನೋಡಿದರೆ ಸಾಕು, ದನಿ ಏರಿಸಬೇಕೋ ಇಳಿಸಬೇಕೋ ಗೊತ್ತಾಗುತ್ತೆ. ಹಿಂದಿನ ಸಾಲಿನೋರು ಕುರ್ಚಿ ತುದಿಗೆ ಬಂದರೆ ಏರಿಸಬೇಕು. ಮುಂದಿನ ಸಾಲಿನೋರು ತಲೆ ಹಿಂದಕ್ಕೆ ಎಳ್ಕೊಂಡರೆ ಇಳಿಸಬೇಕು. ನಿನ್ನೆಯವರೆಗೆ ಒಂದು ದೂರು ಬಂದಿತ್ತಾ? ಹೇಳಿ. ಬಂದಿರಲಿಲ್ಲ.

ರಿಮೋಟು ಈಗ ಸರಿಯಾಗಿದೆ. ನಿನ್ನೆ ಸಾಯಂಕಾಲ ಕೂತು ಮ್ಯೂಟ್ ಮತ್ತೆ ಕಲಿಸಿದೀನಿ. ನಿಮ್ಮ ಕಣ್ಣೆದುರಿಗೇ ತೋರಿಸಿಬಿಡ್ತೀನಿ, ಉಪಕರಣ ಪರೀಕ್ಷಿಸಿದೆ, ಸುಸ್ಥಿತಿಯಲ್ಲಿದೆ, ಅಂತ ಒಂದು ಸಾಲು ಸೇರಿಸಿ. ಈ ಮೈಕ್ ನಿಮ್ಮ ಕಡೆ ತಿರುಗಿಸ್ತೀನಿ. ಹತ್ತಿರ ಬನ್ನಿ. ನಾನು ಇಲ್ಲಿ ಮಿಕ್ಸರ್ ಹತ್ರ ಕೂರ್ತೀನಿ. ಏನಾದರೂ ಮಾತಾಡಿ, ಸುಮ್ಮನೆ, ಬಾಯಿಗೆ ಬಂದಿದ್ದು.

ಊಟ ಆಯ್ತಾ ಅಂತಾ... ಆಯ್ತು ಅಕ್ಕಾ, ಆಗಲೇ ಆಯ್ತು, ಡಬ್ಬಿ ತಂದಿದ್ದೆ. ನಿಮ್ಮದು? ... ಇನ್ನೂ ಇಲ್ವಾ. ಇಷ್ಟು ಹೊತ್ತಾದರೂ ಮಾಡಿಲ್ವಾ, ಸಕ್ಕರೆ ಕಾಯಿಲೆ ಇಟ್ಕೊಂಡು. ಇದನ್ನ ಮುಗಿಸಿ ಮೊದಲು ಹೋಗಿ ಊಟ ಮಾಡಿ...

ಇರಿ.

ಇಲ್ಲಿ ಮಿಕ್ಸರಲ್ಲಿ ಒಂದು ಸಾಲು ದೀಪ ಇದೆ. ಮೈಕಿಗೆ ಮಾತು ಬಿದ್ದರೆ ಅದು ಕೆಳಗಿಂದ ಮೇಲಕ್ಕೆ ಏಳುತ್ತೆ, ಮೊದಲು ಹಸಿರು, ಆಮೇಲೆ ಹಳದಿ, ತೀರಾ ಜೋರಾದರೆ ಕೆಂಪು. ನೀವು ಮಾತಾಡಿದಿರಿ, ಅದು ಏಳಲಿಲ್ಲ. ಮ್ಯೂಟ್ ಆಗಿರಬೇಕು, ಒತ್ತುತೀನಿ. ಈಗ ತೆಗೆದೆ. ಇನ್ನೊಂದು ಸಲ ಹೇಳಿ. ... ಮಗಳು ಯಾವಾಗ ಬರ್ತಾಳೆ ಅಂತಾ? ಮುಂದಿನ ವಾರ ಬರ್ತಾಳೆ. ... ಏಳಲಿಲ್ಲ. ವೈರ್ ಏನಾದರೂ... ಮೈಕನ್ನ ನಾನು ಬೆರಳಿಂದ ತಟ್ಟಿದರೆ ಏಳ್ತಿದೆ. ಹಲೋ, ಹಲೋ. ನಾನು ಮಾತಾಡಿದರೆ ಏಳ್ತಿದೆ. ಮೈಕ್ ಸರಿಯಾಗಿದೆ. ರಿಮೋಟೂ ಸರಿಯಾಗಿದೆ. ನಿಮ್ಮ ಮಾತಿಗೆ ಮಾತ್ರ...

ಅಕ್ಕಾ.

ನೀವು ದನಿ ಕೊಡಲಿಲ್ಲ. ಬರೀ ತುಟಿ ಆಡಿಸಿದಿರಿ.

ಎಷ್ಟು ಹೊತ್ತಿಂದ? ... ಲಾರಿ ಅಂದಾಗಿಂದಾ. ಅದಾದ ಮೇಲೆ ನೀವು ಕೇಳಿದ್ದೆಲ್ಲ... ಮನೇಲಿ ಹೇಗಿದಾರೆ ಅಂತ ಕೇಳಿದ್ದೂ. ನಾನು ಅಷ್ಟಕ್ಕೂ ಉತ್ತರ ಹೇಳ್ತಾ ಕೂತಿದ್ದೆ.

ಏನಾದರೂ ಅನ್ನಿ. ಬೈಯೋದಾದರೆ ಬೈರಿ. ಈ ಸಲ ದನಿ ಕೊಟ್ಟು ಹೇಳಿ, ನಾನು ನಿಮ್ಮ ಮುಖ ನೋಡಲ್ಲ, ಕಣ್ಣು ಇಲ್ಲೇ ಇಟ್ಟಿರ್ತೀನಿ.

ಎದ್ದಿತು. ಹಸಿರು ಮೂರು. ... ಇನ್ನೂ ಸ್ವಲ್ಪ ಜೋರಾಗಿ. ಐದು. ಹಳದಿ ಬಂತು. ಇನ್ನೂ ಜೋರಾಗಿ ಅಕ್ಕಾ, ಸಂಕೋಚ ಬೇಡ, ಯಾರಾದರೂ ಬಂದರೆ ಬರಲಿ. ... ಕೆಂಪು. ಕೆಂಪು ಬಂತು.

ಸಾಕು ಅಕ್ಕಾ, ಗಂಟಲು ಹರಿದು ಹೋಗುತ್ತೆ. ಕೂತ್ಕೊಳ್ಳಿ. ದೀಪ ಕಾಣ್ತಿದೆ, ನಿಮ್ಮ ಬಾಯಿ ಕಾಣ್ತಿದೆ, ಕತ್ತಿನ ನರ ಉಬ್ಬಿರೋದೂ ಕಾಣ್ತಿದೆ. ದನಿ ಇಲ್ಲ. ಎಡಗಿವಿದು ಹೋಗಿ ಮೂರು ವರ್ಷ ಆಯ್ತು, ಬಲಗಿವಿದು ಹೋದ ವರ್ಷ ಹೋಯ್ತು. ಯಾರಿಗೂ ಹೇಳಿಲ್ಲ.